ವಾಪಸ್ ಡಬ್ಬಿ

ನನಗೆ ಸಾವಿರದ ಇನ್ನೂರು ಇಂಗ್ಲಿಷ್ ಪದಗಳು ಗೊತ್ತು. ಬಸ್ಸು, ಟಿಕೆಟ್ಟು, ಡಾಕ್ಟರು ಅನ್ನುವಂಥವಲ್ಲ. ಕಾಲೇಜು ಓದಿದವರೂ ಎರಡು ಸಲ ತಡವರಿಸುವ ದೊಡ್ಡ ದೊಡ್ಡ ಪದಗಳು. ಅವುಗಳಲ್ಲಿ ಮೂರನ್ನು ಸೇರಿಸಿ ಒಂದು ವಾಕ್ಯ ಮಾಡು ಅಂದರೆ ಮಾತ್ರ ನನ್ನಿಂದ ಆಗದು. ಇದನ್ನು ಹೇಳಿದಾಗಲೆಲ್ಲ ನಮ್ಮ ಮನೆಯವರು ರೇವಣಪ್ಪ ನಗುತ್ತಾರೆ. ನಗಲಿ ಬಿಡಿ, ಅವರಿಗೆ ಹನ್ನೆರಡೂ ಗೊತ್ತಿಲ್ಲ.

ನನ್ನ ಹೆಸರು ಹೇಮಾವತಿ, ಮನೆ ಹಿಂದೂಪುರದಲ್ಲಿ. ಕನ್ನಡ ಮೀಡಿಯಮ್ಮಿನಲ್ಲಿ ಹತ್ತನೆಯ ತರಗತಿ ಪಾಸಾದವಳು, ಇಂಗ್ಲಿಷಿನಲ್ಲಿ ಸರಿಯಾಗಿ ಮೂವತ್ತೈದು ಅಂಕ. ಸಂಕ್ರಾಂತಿ ಕಳೆದರೆ ನಮ್ಮ ಪಡಸಾಲೆಯಲ್ಲಿ ಹುಣಸೆಹಣ್ಣಿನ ಕೆಲಸ ಶುರು. ಮಂಡಿಯಿಂದ ಮೂಟೆ ಬರುತ್ತದೆ. ನಾನು, ಪಕ್ಕದ ಮನೆಯ ಎರ್ರಮ್ಮ, ಹಿಂದಿನ ಬೀದಿಯ ನರಸಕ್ಕ ಕೂತು ಬಡಿದು, ಬೀಜ ಬಿಡಿಸಿ, ನಾರು ಎಳೆದು ಕೊಡುತ್ತೇವೆ. ಇಂಥವಳಿಗೆ ಅಷ್ಟು ದೊಡ್ಡ ಇಂಗ್ಲಿಷ್ ಯಾಕೆ ಬೇಕಾಯಿತು ಅಂತ ನೀವು ಕೇಳಬಹುದು. ರಶ್ಮಿಗೋಸ್ಕರ ಬೇಕಾಯಿತು.

ರಶ್ಮಿ ನನ್ನ ತಂಗಿ ಜ್ಯೋತಿಲಕ್ಷ್ಮಿಯ ಮಗಳು. ಜ್ಯೋತಿಯನ್ನು ಕಲ್ಯಾಣದುರ್ಗಕ್ಕೆ ಕೊಟ್ಟಿದ್ದೆವು. ರಶ್ಮಿಗೆ ಹನ್ನೊಂದು ತಿಂಗಳಾಗಿದ್ದಾಗ ಜ್ಯೋತಿ ಮತ್ತೆ ಬಸುರಾದಳು, ಹೊಟ್ಟೆಯಲ್ಲಿ ಅವಳಿಜವಳಿ. ಡಾಕ್ಟರು ಹಾಸಿಗೆ ಬಿಟ್ಟು ಏಳಬೇಡ ಅಂದರು. ನನಗೆ ಮದುವೆಯಾಗಿ ಒಂಬತ್ತು ವರ್ಷವಾಗಿತ್ತು, ಮಡಿಲು ತುಂಬಿರಲಿಲ್ಲ. "ಸ್ವಲ್ಪ ದಿನ ನಿನ್ ಹತ್ರ ಇರ್ಲಿ ಅಕ್ಕ" ಅಂತ ಜ್ಯೋತಿಯೇ ಮಗುವನ್ನು ನನ್ನ ಕೈಗಿತ್ತಳು. ಆ ಸ್ವಲ್ಪ ದಿನ ಹನ್ನೆರಡು ವರ್ಷವಾಯಿತು. ಮಗು ನನ್ನನ್ನೇ ಅಮ್ಮ ಅಂದಿತು, ಯಾರೂ ತಿದ್ದಲಿಲ್ಲ. ಕನ್ನಡ ಅಕ್ಷರ ನಾನೇ ತಿದ್ದಿಸಿದೆ. ಜ್ವರ ಬಂದರೆ ರೇವಣಪ್ಪನವರು ಹೆಗಲ ಮೇಲೆ ಹಾಕಿಕೊಂಡು ಆಸ್ಪತ್ರೆಗೆ ಓಡುತ್ತಿದ್ದರು. ಕಾಗದ ಪತ್ರ ಏನೂ ಮಾಡಿಕೊಳ್ಳಲಿಲ್ಲ. ಅಕ್ಕತಂಗಿಯರ ನಡುವೆ ಕಾಗದ ಯಾಕೆ ಅಂದುಕೊಂಡೆವು. ಆ ತಪ್ಪು ನಮ್ಮಂಥವರು ಮಾತ್ರ ಮಾಡುವುದು.

ಹದಿಮೂರು ತುಂಬುವ ಮೊದಲೇ ರಶ್ಮಿ ದೊಡ್ಡವಳಾದಳು. ನಮ್ಮಲ್ಲಿ ಹುಡುಗಿಗೆ ಒಸಗೆ ಮಾಡುವುದು ಹೆತ್ತವರ ಮನೆಯಲ್ಲಿ. ಸಾಕಿದವರು ಬಂಗಾರದ ತೊಟ್ಟಿಲಲ್ಲಿ ತೂಗಿದ್ದರೂ ಆ ಆರತಿ ಮಾತ್ರ ಹೆತ್ತವಳ ಹೊಸಿಲೊಳಗೇ ಆಗಬೇಕು. ಕಲ್ಯಾಣದುರ್ಗದಿಂದ ಜ್ಯೋತಿ, ಅವಳ ಗಂಡ ಬಂದರು. ಹದಿನಾರು ದಿನ ಕೂರಿಸಿ, ಆರತಿ ಎತ್ತಿ ಕಳಿಸುತ್ತೇವೆ ಅಂದರು. ನಾನು ಎಂಟು ಜೊತೆ ಬಟ್ಟೆ ಮಡಿಸಿ ಬ್ಯಾಗಿಗೆ ಹಾಕಿದೆ, ಕೊಬ್ಬರಿ ಬೆಲ್ಲ ಕಟ್ಟಿಕೊಟ್ಟೆ. ಬಸ್ ಸ್ಟ್ಯಾಂಡಿನಲ್ಲಿ "ಹೋಗು, ಅದೂ ನಿನ್ ಮನೇನೇ" ಅಂದು ತಲೆ ಸವರಿ ತಿರುಗಿ ಬಂದುಬಿಟ್ಟೆ. ಹೆಣ್ಣುಮಗುವನ್ನು ಶುಭಕ್ಕೆ ಕಳಿಸುವಾಗ ಅಳಬಾರದು, ನಾನು ಅಳಲೂ ಇಲ್ಲ. ಎಂಟೇ ಜೊತೆ ಹಾಕಿದ್ದೆ ಅನ್ನುವುದನ್ನು ಗಮನಿಸಿ. ವಾಪಸ್ ಬರುತ್ತಾಳೆ ಅಂತಲೇ ನಾನು ನಂಬಿದ್ದೆ.

ಹದಿನಾರು ದಿನವಾಯಿತು, ತಿಂಗಳಾಯಿತು. ಇನ್ನು ದೊಡ್ಡ ಹುಡುಗಿ, ನಮ್ಮ ಕಣ್ಣೆದುರಿಗೇ ಇರಲಿ ಅಂತ ಜ್ಯೋತಿಯ ಅತ್ತೆ ತೀರ್ಮಾನ ಮಾಡಿದರಂತೆ. ಅಲ್ಲಿಯೇ ಸ್ಕೂಲಿಗೆ ಸೇರಿಸಿದರು. ಉಳಿದ ಬಟ್ಟೆಯನ್ನು ನಾನು ಬಸ್ಸಿನಲ್ಲಿ ಕಳಿಸಿದೆ. ಆಮೇಲೆ ಒಂಬತ್ತು ವರ್ಷ ಹಬ್ಬಕ್ಕೊಂದು ಫೋನು, "ಚೆನ್ನಾಗಿದ್ದೀಯಾ ದೊಡ್ಡಮ್ಮ" "ಚೆನ್ನಾಗಿದೀನಿ ಕಣಮ್ಮ", ಅಷ್ಟೇ. ಮದುವೆ ಮುಂಜಿಗಳಲ್ಲಿ ಸಿಕ್ಕಾಗ ನೆಂಟರ ಮಕ್ಕಳಂತೆ ಕಾಲಿಗೆ ಬಿದ್ದು ಪಕ್ಕಕ್ಕೆ ಸರಿಯುತ್ತಿದ್ದಳು. ನಾನೂ ನೆಂಟರಂತೆ ಹರಸಿ ಬೇರೆಯವರ ಕಡೆ ತಿರುಗುತ್ತಿದ್ದೆ. ಸಂಕಟ ತೋರಿಸಿಕೊಳ್ಳುವ ಜಾತಿ ನನ್ನದಲ್ಲ.

ಈ ವರ್ಷ ಸಂಕ್ರಾಂತಿಯ ಮರುದಿನ ಸಂಜೆ ಆರು ಗಂಟೆಗೆ ಫೋನು ಬಂತು.

"ದೊಡ್ಡಮ್ಮ, ಒಂದ್ ಸಹಾಯ ಮಾಡ್ತೀಯಾ? ಮೇ ತಿಂಗ್ಳಲ್ಲಿ ಹೈದರಾಬಾದಿನ ಯೂನಿವರ್ಸಿಟಿಗೆ ಎಂಟ್ರೆನ್ಸ್ ಬರೀತಾ ಇದೀನಿ, ಎಂ.ಎ. ಇಂಗ್ಲಿಷಿಗೆ. ಸಾವಿರದ ಇನ್ನೂರು ಪದ ಬಾಯಿಗೆ ಬರ್ಬೇಕು. ದಿನಾ ಸಾಯಂಕಾಲ ಹತ್ತು ಪದ ಕೇಳ್ತೀಯಾ?"

"ನಂಗೇನ್ ಬತ್ತದೆ ಇಂಗ್ಲಿಷು? ಅದಕ್ಕೆಲ್ಲ ಫೋನಲ್ಲೇ ಏನೋ ಇರ್ತದಂತಲ್ಲ."

"ಆ್ಯಪ್ ಐತೆ. ಆದ್ರೆ ಆ್ಯಪ್ ಬೈಯಲ್ಲ. ತಪ್ಪು ಹೇಳಿದ್ರೆ ನೀನು ಬೈತೀಯ. ಬೈಸ್ಕೊಂಡ್ರೇನೇ ನಂಗೆ ನೆನಪಿರೋದು."

ಮಾರನೆಯ ದಿನವೇ ಬಸ್ಸಿನಲ್ಲಿ ಜೆರಾಕ್ಸ್ ಮಾಡಿಸಿ ಸುರುಳಿ ಹಾಕಿದ ಪುಸ್ತಕ ಬಂತು. ಪ್ರತಿ ಪದದ ಮುಂದೆ ಅದರ ಉಚ್ಚಾರ, ಅರ್ಥ ಎರಡನ್ನೂ ಕನ್ನಡದಲ್ಲಿ ಅವಳ ಕೈಯಿಂದಲೇ ಬರೆದಿದ್ದಳು. ನಾನು ತಿದ್ದಿಸಿದ ಅಕ್ಷರ. 'ಳ' ಮಾತ್ರ ಈಗಲೂ ಸೊಟ್ಟ. ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಎಲ್ಲೆಲ್ಲಿ 'ಳ' ಇದೆ ಅಂತ ಹುಡುಕಿ ಹುಡುಕಿ ನೋಡಿದೆ.

ಹುಣಸೆಹಣ್ಣಿನ ಕೆಲಸದಲ್ಲಿ ಒಂದು ಕಟ್ಟಳೆ ಇದೆ. ಬೀಜ ಉಳಿದ ಹಣ್ಣನ್ನು ಮಂಡಿಯವರು ವಾಪಸ್ ಕಳಿಸುತ್ತಾರೆ, ಅದನ್ನು ಮತ್ತೆ ಬಡಿಯಬೇಕು. ಪದಗಳಿಗೂ ನಾನು ಅದೇ ಕಟ್ಟಳೆ ಮಾಡಿದೆ. ಅವಳು ತಪ್ಪಿದ ಪದವನ್ನು ಹಳೆಯ ಕ್ಯಾಲೆಂಡರಿನ ಚೂರಿನ ಮೇಲೆ ಬರೆದು ಒಂದು ಸ್ಟೀಲ್ ಡಬ್ಬಿಗೆ ಹಾಕುವುದು. ಅದರ ಹೆಸರು ವಾಪಸ್ ಡಬ್ಬಿ. ಮಾರನೆಯ ದಿನ ಮೊದಲು ಡಬ್ಬಿಯ ಚೀಟಿಗಳು, ಆಮೇಲೆ ಹೊಸ ಹತ್ತು ಪದ. ಮೂರು ದಿನ ಸಾಲಾಗಿ ಸರಿ ಹೇಳಿದರೆ ಚೀಟಿ ಒಲೆಗೆ. ರಶ್ಮಿಗೆ ಈ ಲೆಕ್ಕ ಬಹಳ ಹಿಡಿಸಿತು. ತಪ್ಪಿದವನ್ನು ಬರೆದಿಟ್ಟುಕೊಳ್ಳುವ ಗೋಜಿಗೇ ಹೋಗಲಿಲ್ಲ, ಎಲ್ಲವನ್ನೂ ನನ್ನ ಡಬ್ಬಿಗೆ ಬಿಟ್ಟಳು.

ಫೋನನ್ನು ಸ್ಪೀಕರಿಗೆ ಹಾಕಿ ಹುಣಸೆಹಣ್ಣಿನ ರಾಶಿಯ ಪಕ್ಕದಲ್ಲಿಡುತ್ತಿದ್ದೆ. "ಆಬ್ಸ್ಟಿನೇಟ್?" ಅಂತ ನಾನು ಕೇಳುವುದು, "ಹಟಮಾರಿ" ಅಂತ ಅವಳು ಹೇಳುವುದು. "ಇನ್‌ಸಿಪಿಡ್?" "ಸಪ್ಪೆ." "ಕ್ಯಾಂಟ್ಯಾಂಕರಸ್?" ಅಂದಾಗ ಆ ಕಡೆಯಿಂದ ಕಿಸಕ್ಕನೆ ನಗು ಬಂತು. "ಜಗಳಗಂಟಿ. ಇದನ್ನ ಮರೆಯಲ್ಲ, ನಿನ್ ಮುಖ ನೆನಪಿಟ್ಕೊಂಡಿದೀನಿ." ಎರ್ರಮ್ಮನಂತೂ ಬಿದ್ದೂ ಬಿದ್ದೂ ನಕ್ಕಳು. "ಕರೆಕ್ಟೇ ಚೆಪ್ಪಿಂದಿ ಪಿಲ್ಲ" ಅಂದಳು, ಹುಡುಗಿ ಸರಿಯಾಗೇ ಹೇಳಿದಳು ಅಂತ. ನರಸಕ್ಕ ಒಂದೇ ವಾರದಲ್ಲಿ ಮನೆಗೆ ಹೋಗಿ ಸೊಸೆಗೆ ಆಬ್ಸ್ಟಿನೇಟ್ ಅಂದು ಬಂದಳು. ಆ ಸೊಸೆ ಡಿಗ್ರಿ ಓದಿದವಳು. ಎರಡು ದಿನ ಅತ್ತೆಗೆ ಕಾಫಿ ಸಿಗಲಿಲ್ಲ. ಮಾತು ಬಲ್ಲವನಿಗೆ ಜಗಳವಿಲ್ಲ ಅಂತ ಗಾದೆ ಇದೆ. ನರಸಕ್ಕ ಒಂದೇ ಮಾತು ಬಲ್ಲವಳು, ಅದೇ ತೊಂದರೆಯಾಯಿತು.

ಇಪ್ಪತ್ತು ನಿಮಿಷದ ಫೋನು ನಿಧಾನಕ್ಕೆ ಮುಕ್ಕಾಲು ಗಂಟೆಗೆ ಬಂತು. ಪದ ಮುಗಿದ ಮೇಲೆ ಅವಳು ಏನು ತಿಂದಳು, ತಲೆನೋವು ಹೋಯಿತಾ, ಯಾವ ಬಣ್ಣದ ಚೂಡಿದಾರ, ಎಲ್ಲವೂ. "ನಾನು ಇಂಗ್ಲಿಷ್ ಪಾಠ ಹೇಳೋಳಾಗ್ಬೇಕು ದೊಡ್ಡಮ್ಮ, ಕಾಲೇಜಲ್ಲಿ" ಅಂದಳು ಒಂದು ದಿನ. ನಾನು ಆಗ್ತೀಯ ಬುಡು ಅಂದೆ. ಬೆಳಗ್ಗೆ ಎದ್ದರೆ ಸಂಜೆ ಆರಕ್ಕೆ ಎಷ್ಟು ಗಂಟೆ ಉಳಿದಿದೆ ಅಂತ ಎಣಿಸುತ್ತಿದ್ದೆ. ಐವತ್ತೆರಡು ವರ್ಷದ ಹೆಂಗಸು ಹೀಗೆ ಫೋನಿಗೆ ಕಾಯುವುದನ್ನು ನೋಡಿ ರೇವಣಪ್ಪನವರಿಗೆ ತಮಾಷೆ. ಆರಾಗುವ ಹೊತ್ತಿಗೆ ಅವರೂ ಹೊರಗಿಂದ ಬಂದು ಗೋಡೆಗೊರಗಿ ಕೂರುತ್ತಿದ್ದರು, ಅದನ್ನು ನಾನು ಎತ್ತಿ ಆಡಲಿಲ್ಲ.

ಯುಗಾದಿಗೆ ಕಲ್ಯಾಣದುರ್ಗಕ್ಕೆ ಹೋದೆ. ಪೆನುಕೊಂಡದಲ್ಲಿ ಬಸ್ಸು ಬದಲಿಸಿ ಸೇರುವ ಹೊತ್ತಿಗೆ ಮಧ್ಯಾಹ್ನ. ರಶ್ಮಿ ಮಹಡಿಯ ಮೇಲೆ ಓದುತ್ತಿದ್ದಳು. ಅಡುಗೆಮನೆಯಲ್ಲಿ ಒಬ್ಬಟ್ಟು ತಟ್ಟುತ್ತ ಜ್ಯೋತಿ ಮಾತು ತೆಗೆದಳು.

"ಅಕ್ಕ, ನಿಮ್ಮೂರಿನ ರುದ್ರಮುನಿಯವ್ರ ಮಗ ಚಂದ್ರಮೋಹನ್ ಗೊತ್ತಲ್ಲ? ಬೆಲ್ಲದ ಮಂಡಿ. ಅವ್ರು ರಶ್ಮೀನ ಕೇಳವ್ರೆ."

"ಅವ್ಳು ಓದ್ತೀನಿ ಅಂತಾಳಲ್ಲೇ."

"ಓದ್ಲಿ, ಬ್ಯಾಡ ಅನ್ನಲ್ಲ. ಅವ್ರಪ್ಪಂಗೂ ಅವ್ಳಿಗೂ ಮಾತಾಗೈತೆ. ಸೀಟು ಬಂದ್ರೆ ಹೈದರಾಬಾದು. ಬರ್ಲಿಲ್ಲ ಅಂದ್ರೆ ಶ್ರಾವಣದಲ್ಲಿ ಲಗ್ನ. ಅವ್ಳೇ ಒಪ್ಕೊಂಡವ್ಳೆ." ಜ್ಯೋತಿ ಒಬ್ಬಟ್ಟನ್ನು ಹೆಂಚಿಗೆ ಹಾಕಿ ನನ್ನ ಮುಖ ನೋಡಿದಳು. "ಅವ್ರ ಮನೆ ನಿನ್ ಮನೆಯಿಂದ ಎರಡೇ ಬೀದಿ ಅಲ್ವಾ ಅಕ್ಕ."

ಚಂದ್ರಮೋಹನ್ ಕೆಟ್ಟ ಹುಡುಗನಲ್ಲ. ತಲೆ ತಗ್ಗಿಸಿ ನಡೆಯುವವನು, ಬೀಡಿ ಸಿಗರೇಟು ಇಲ್ಲ, ತಾಯಿಯ ಮಾತಿಗೆ ಎದುರಾಡಿದವನಲ್ಲ. ವಾಪಸ್ ಬರುವಾಗ ಬಸ್ಸು ಸೋಮಂದೇಪಲ್ಲಿ ದಾಟುವಷ್ಟರಲ್ಲಿ ನನ್ನ ತಲೆಯಲ್ಲಿ ರಶ್ಮಿಯ ಸಂಸಾರವೇ ನಡೆದುಬಿಟ್ಟಿತ್ತು. ಬೆಳಗ್ಗೆ ಗಂಡ ಮಂಡಿಗೆ ಹೋದ ಮೇಲೆ ನಮ್ಮ ಮನೆಗೆ ಬರುತ್ತಾಳೆ. ನಾನು ಮಾಡಿದ ಚಿತ್ರಾನ್ನ ತಿನ್ನುತ್ತಾಳೆ. ಬಸುರಾದರೆ ನಾನೇ ಎಣ್ಣೆ ನೀರು ಹಾಕುತ್ತೇನೆ. ಸಂಜೆ ಆರು ಗಂಟೆಗೆ ಫೋನು ಬೇಡವೇ ಬೇಡ, ಅವಳೇ ಎದುರಿಗೆ ಕೂತಿರುತ್ತಾಳೆ. ಹನ್ನೆರಡು ವರ್ಷ ನನ್ನದಾಗಿದ್ದದ್ದು ಮತ್ತೆ ನನ್ನ ಹತ್ತಿರ ಬರಲಿಕ್ಕೆ ಒಂದು ಪರೀಕ್ಷೆ ತಪ್ಪಿದರೆ ಸಾಕಿತ್ತು.

ಮಾರನೆಯ ದಿನ ಅವಳು ನಾಲ್ಕು ಪದ ತಪ್ಪಿದಳು. ನಾಲ್ಕು ಚೀಟಿ ಬರೆದೆ. ಡಬ್ಬಿಗೆ ಹಾಕಲಿಲ್ಲ, ಅಡುಗೆಮನೆಯ ಗೂಡಿನಲ್ಲಿ ಸಾಸಿವೆ ಜಾಡಿಯ ಹಿಂದೆ ಇಟ್ಟೆ. ಅದರ ಮಾರನೆಯ ದಿನ ಕೇಳಲೂ ಇಲ್ಲ. ಹೀಗೆ ಹನ್ನೊಂದು ದಿನ. ಎಲ್ಲವನ್ನೂ ಬಿಟ್ಟರೆ ತಿಳಿದುಬಿಡುತ್ತದೆ ಅಂತ ಹಳೆಯ ಚೀಟಿಗಳನ್ನು ಕೇಳುತ್ತಿದ್ದೆ, ಹೊಸದಾಗಿ ತಪ್ಪಿದವನ್ನು ಮಾತ್ರ ಮುಚ್ಚಿಡುತ್ತಿದ್ದೆ. ಎಂಥ ಬುದ್ಧಿವಂತಿಕೆ ನೋಡಿ. ಜಾಡಿಯ ಹಿಂದೆ ನಲವತ್ತಮೂರು ಚೀಟಿ ಸೇರಿದವು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರನ್ನು ಜನ ಬೈಯುತ್ತಾರೆ. ನಾನು ತಳ್ಳುತ್ತಿದ್ದದ್ದು ನಾನೇ ಎತ್ತಿ ಆಡಿಸಿದ ಮಗುವನ್ನು.

ಹನ್ನೊಂದನೆಯ ದಿನ ರಶ್ಮಿ ಕೇಳಿದಳು, "ದೊಡ್ಡಮ್ಮ, ಮೊನ್ನೆ ತಪ್ಪಿದ್ನಲ್ಲ, ಅವನ್ನ ಕೇಳ್ಲೇ ಇಲ್ವಲ್ಲ?"

"ಕೇಳಿದ್ನಲ್ಲೇ ನಿನ್ನೆ. ಸರಿಯಾಗೇ ಹೇಳ್ದೆ."

"ಹೌದಾ? ನೀನು ಕೇಳೀನಿ ಅಂದ್ರೆ ಕೇಳಿರ್ತೀಯ ಬುಡು. ನಂಗೇ ಮರ್ತೋಗಿರ್ತದೆ. ಓದಿ ಓದಿ ತಲೆ ಕೆಟ್ಟೋಗದೆ."

ಅವಳು ಒಂದಿಷ್ಟು ಅನುಮಾನ ಪಟ್ಟಿದ್ದರೂ ನಾನು ಇನ್ನೂ ನಾಲ್ಕು ದಿನ ಹಾಗೇ ನಡೆಸುತ್ತಿದ್ದೆನೋ ಏನೋ. ನನ್ನ ಸುಳ್ಳನ್ನು ನಂಬಿ ತನ್ನ ನೆನಪನ್ನೇ ಬೈದುಕೊಂಡಳಲ್ಲ, ಅದು ತಡೆಯಲಾಗಲಿಲ್ಲ. ಆವತ್ತು ಊಟ ಸೇರಲಿಲ್ಲ. ಮಾರನೆಯ ದಿನ ಬೆಳಗ್ಗೆ ಹತ್ತು ಗಂಟೆಗೆ ನಾನೇ ಫೋನು ಮಾಡಿದೆ.

"ಈ ಹೊತ್ನಲ್ಲಿ ಯಾಕೆ ದೊಡ್ಡಮ್ಮ? ದೊಡ್ಡಪ್ಪ ಹುಷಾರಾಗವ್ರಾ?"

"ಹುಷಾರಾಗವ್ರೆ. ನಾನು ಹೇಳೋದ್ನ ಮಧ್ಯದಲ್ಲಿ ಮಾತಾಡ್ದೆ ಕೇಳು. ಹನ್ನೊಂದು ದಿನದಿಂದ ನೀನು ತಪ್ಪಿದ್ ಪದ ಒಂದನ್ನೂ ನಾನು ವಾಪಸ್ ಕೇಳಿಲ್ಲ. ನಲವತ್ತಮೂರು ಅವೆ. ಮುಚ್ಚಿಟ್ಟೀನಿ. ನೀನು ಫೇಲಾದ್ರೆ ಚಂದ್ರಮೋಹನನ್ನ ಮಾಡ್ಕೊಂಡು ಇಲ್ಲಿಗೆ ಬತ್ತೀಯ ಅಂತ."

ರಶ್ಮಿ ಫೋನು ಇಟ್ಟುಬಿಟ್ಟಳು.

ಆವತ್ತು ಸಂಜೆ ಆರಕ್ಕೆ ಫೋನು ಬರಲಿಲ್ಲ. ಮಾರನೆಯ ದಿನವೂ ಇಲ್ಲ. "ಯಾಕವ್ವ, ಇವತ್ತೂ ಇಂಗ್ಲಿಷ್ ಇಲ್ವಾ?" ಅಂತ ನರಸಕ್ಕ ಕೇಳಿದಳು. ಅವಳ ಮೇಲೆ ಹರಿಹಾಯ್ದೆ, ಹಣ್ಣಿನಲ್ಲಿ ನಾರು ಬಿಟ್ಟಿದ್ದೀಯ ಅಂತ ಇಲ್ಲದ ಜಗಳ ತೆಗೆದೆ. ಮೂರನೆಯ ದಿನ ಎರ್ರಮ್ಮ ಏನೂ ಕೇಳದೆ ಬಂದು ಪಕ್ಕದಲ್ಲಿ ಕೂತು ನನ್ನ ಪಾಲಿನ ಹಣ್ಣನ್ನೂ ತಾನೇ ಬಡಿದಳು. ರೇವಣಪ್ಪನವರಿಗೆ ಎಲ್ಲ ಹೇಳಿದ್ದೆ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. "ಹೇಳಿ ಒಳ್ಳೇದ್ ಮಾಡ್ದೆ" ಅಂದರು. ಒಳ್ಳೆಯದು ಮಾಡಿ ನನಗೆ ಸಿಕ್ಕಿದ್ದು ಖಾಲಿ ಸಂಜೆ. ಹಬ್ಬದ ದಿನದ ಫೋನೂ ಇನ್ನು ಬರುವುದಿಲ್ಲ ಅಂತ ಗಟ್ಟಿ ಮಾಡಿಕೊಂಡೆ.

ನಾಲ್ಕನೆಯ ದಿನ ಸಂಜೆ ಬಾಗಿಲಲ್ಲಿ ರಶ್ಮಿ ನಿಂತಿದ್ದಳು. ಹೆಗಲಿಗೊಂದು ಬ್ಯಾಗು, ಮುಖದ ತುಂಬ ಬಸ್ಸಿನ ಧೂಳು. ಒಂಬತ್ತು ವರ್ಷದಲ್ಲಿ ಆ ಹೊಸಿಲು ಅವಳು ತುಳಿದಿರಲಿಲ್ಲ. ಎರ್ರಮ್ಮ, ನರಸಕ್ಕ ಇಬ್ಬರೂ ಮೊರ ಹಿಡಿದುಕೊಂಡು ಎದ್ದು ಹೋದರು. ನೀರು ಕೊಟ್ಟೆ. ಕುಡಿಯಲಿಲ್ಲ, ಲೋಟ ಹಿಡಿದುಕೊಂಡೇ ನಿಂತಳು.

"ನಾನು ಜಗಳ ಆಡೋಕ್ ಬಂದಿಲ್ಲ. ಒಂದ್ ಮಾತು ಕೇಳೋಕ್ ಬಂದೀನಿ. ಆವತ್ತು ನನ್ನ ಕಲ್ಯಾಣದುರ್ಗಕ್ಕೆ ಕಳ್ಸೋವಾಗ ಬ್ಯಾಡ ಅಂತ ಯಾಕ್ ಅನ್ಲಿಲ್ಲ ನೀನು?"

ನಾನು ಬೈಗುಳಕ್ಕೆ ತಯಾರಾಗಿದ್ದೆ, ಈ ಪ್ರಶ್ನೆಗೆ ತಯಾರಿರಲಿಲ್ಲ. "ಯಾವ ಬಾಯಲ್ಲಿ ಅನ್ಲಿ? ಹೆತ್ತೋಳು ಅವ್ಳು. ನನ್ ಹತ್ರ ಕಾಗದ ಇಲ್ಲ, ಪತ್ರ ಇಲ್ಲ. ಹದಿನಾರು ದಿನ ಅಂದಿದ್ರು."

"ಕಾಗದ ಯಾರಿಗ್ ಬೇಕಿತ್ತು? ನಾನು ಬಸ್ಸಿನ ಕಿಟಕೀಲಿ ನೋಡ್ತಾನೇ ಇದ್ದೆ. ನೀನು ತಿರುಗ್ಲೂ ಇಲ್ಲ. ಪೆನುಕೊಂಡ ದಾಟೋವರ್ಗೂ ಹಿಂದೆ ಇನ್ನೊಂದ್ ಬಸ್ಸಲ್ಲಿ ಬತ್ತಾಳೆ ಅಂದ್ಕೊಂಡಿದ್ದೆ. ತಿಂಗಳಾದ್ ಮೇಲೆ ಬಟ್ಟೆ ಬಂತು, ನೀನು ಬರ್ಲಿಲ್ಲ. ಇವ್ಳಿಗೆ ಸಾಕಾಗಿತ್ತು, ಅದಕ್ಕೇ ಬಿಟ್ಕೊಟ್ಳು ಅಂತ ಒಂಬತ್ತು ವರ್ಷದಿಂದ ಅಂದ್ಕೊಂಡಿದೀನಿ."

ನಾನು ಹುಣಸೆಹಣ್ಣಿನ ರಾಶಿಯ ಪಕ್ಕದಲ್ಲೇ ಕೂತುಬಿಟ್ಟೆ. ಅಳಬಾರದು ಅಂತ ನಾನು ಮುಖ ತಿರುಗಿಸಿದ್ದಕ್ಕೆ ಈ ಮಗು ತಾನು ಬೇಡದವಳು ಅಂದುಕೊಂಡು ಬೆಳೆದಿತ್ತು. ಅವಳೂ ಎದುರಿಗೆ ಕೂತಳು.

"ಮೊನ್ನೆ ನೀನು ಹೇಳ್ದಾಗ ಮೈಯೆಲ್ಲ ಉರಿದೋಯ್ತು. ನನ್ ಜೀವನ ಹಾಳಾಗ್ತಿತ್ತಲ್ಲ ಅಂತ. ಈಗ್ಲೂ ಕೋಪ ಐತೆ, ಇಲ್ಲ ಅನ್ನಲ್ಲ. ಆದ್ರೆ ಮೂರು ದಿನ ಕೂತು ಯೋಚ್ನೆ ಮಾಡ್ದೆ. ನನ್ನ ಇಟ್ಕೊಳಾಕೆ ಮೋಸ ಮಾಡೋಷ್ಟು ನಾನು ನಿಂಗೆ ಬೇಕಾಗಿದ್ನಲ್ಲ. ಆವತ್ತು ಒಂದೇ ಮಾತು ಬ್ಯಾಡ ಅಂದಿದ್ರೆ ಸಾಕಿತ್ತು. ಹೆಂಗಿದ್ರೂ ಕರ್ಕೊಂಡ್ ಹೋಗೋರು. ಆದ್ರೂ ಅಂದಿದ್ರೆ ಸಾಕಿತ್ತು."

ನಾನು ಅವಳ ಕೈ ಹಿಡಿದುಕೊಂಡು ಅತ್ತೆ. ಒಳಗಿನಿಂದ ರೇವಣಪ್ಪನವರು ಎರಡು ಸಲ ಬಾಗಿಲವರೆಗೂ ಬಂದು ವಾಪಸ್ ಹೋದರು. ಎಷ್ಟೋ ಹೊತ್ತಾದ ಮೇಲೆ ಅವಳೇ ಕಣ್ಣು ಮೂಗು ಒರೆಸಿಕೊಂಡು, "ಎಲ್ಲಿಟ್ಟೀಯ ಅವನ್ನ? ತಗೊಂಬಾ" ಅಂದಳು. ನಲವತ್ತಮೂರು ಚೀಟಿಯನ್ನೂ ಕೇಳಿದೆ. ಇಪ್ಪತ್ತಾರು ಬಂದವು, ಹದಿನೇಳು ಬರಲಿಲ್ಲ. "ಕತ್ತೆ, ಏನ್ ಓದ್ತೀಯ ನೀನು" ಅಂತ ಬೈದೆ. ಬೈಯುತ್ತಲೇ ಚಿತ್ರಾನ್ನಕ್ಕೆ ಒಗ್ಗರಣೆ ಹಾಕಿದೆ. ಎರಡು ದಿನ ಇದ್ದಳು. ಹೊರಡುವ ಹೊತ್ತಿಗೆ ಹದಿನೇಳೂ ಬಾಯಿಗೆ ಬಂದಿದ್ದವು.

ಆಮೇಲೆ ನಾನು ಒಂದು ಪದವನ್ನೂ ಬಿಡಲಿಲ್ಲ. ಮೇ ತಿಂಗಳಲ್ಲಿ ಪರೀಕ್ಷೆ ಬರೆದಳು, ಜೂನ್ ಕೊನೆಗೆ ಸೀಟು ಬಂತು. ಸುದ್ದಿ ಕೇಳಿ ಬೀದಿಗೆಲ್ಲ ಬೆಲ್ಲ ಹಂಚಿದೆ. ಹಂಚಿ ಬಂದು ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತೆ, ಅದನ್ನೂ ಹೇಳಿಬಿಡುತ್ತೇನೆ. ಚಂದ್ರಮೋಹನನಿಗೆ ಚಿಲಮತ್ತೂರಿನ ಹುಡುಗಿ ಗೊತ್ತಾದಳು.

ಹೈದರಾಬಾದಿನ ರೈಲು ಹಿಂದೂಪುರದಲ್ಲಿ ನಿಲ್ಲುತ್ತದೆ. ಜ್ಯೋತಿ, ಅವಳ ಗಂಡ ಮಗಳನ್ನು ಕರೆದುಕೊಂಡು ಬಂದರು. ಹಾಸ್ಟೆಲಿಗೆ ಬಿಡಲು ತಂದೆ ಜೊತೆಯಲ್ಲಿ ಹೋಗುವುದು, ನಾವು ಮೂವರು ಸ್ಟೇಷನ್ನಿಗೆ ಕಳಿಸಲು. ರೇವಣಪ್ಪನವರು ಪೆಟ್ಟಿಗೆಯನ್ನು ಮೇಲೆತ್ತಿ ಕೊಟ್ಟರು. ಜ್ಯೋತಿ ಊಟದ ಡಬ್ಬಿ ಕೊಟ್ಟು, ಹುಷಾರು, ದಿನಾ ಫೋನ್ ಮಾಡು, ಹೋಗಿ ಬಾ ಅಂದಳು. ರಶ್ಮಿ ರೈಲಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನನ್ನ ಕಡೆ ತಿರುಗಿದಳು. ಇನ್ನೊಂದು ಕಾಲು ಎತ್ತದೆ ನೋಡುತ್ತ ನಿಂತಳು.

"ಹೋಗ್ಬ್ಯಾಡ ಕಣೆ" ಅಂದೆ.

ಜ್ಯೋತಿ ಬೆಚ್ಚಿ ನನ್ನ ತೋಳು ಹಿಡಿದಳು. "ಅಕ್ಕ, ಹೊರಡೋ ಹೊತ್ನಲ್ಲಿ ಇದೇನ್ ಮಾತು ಅಂತ ಆಡ್ತೀಯ."

ನಾನು ತೋಳು ಬಿಡಿಸಿಕೊಂಡೆ. "ಹೋಗ್ಬ್ಯಾಡ" ಅಂತ ಇನ್ನೊಂದು ಸಲ, ಪ್ಲಾಟ್‌ಫಾರ್ಮಿನ ಜನರೆಲ್ಲ ತಿರುಗಿ ನೋಡುವ ಹಾಗೆ ಅಂದೆ. ಅಳುತ್ತಲೇ ಅಂದೆ. ರಶ್ಮಿ ಇಳಿದು ಬಂದು ನನ್ನನ್ನು ಬಿಗಿಯಾಗಿ ಅಪ್ಪಿಕೊಂಡಳು. ಆಮೇಲೆ "ಬತ್ತೀನಿ ದೊಡ್ಡಮ್ಮ" ಅಂದು ರೈಲು ಹತ್ತಿದಳು.